ಕಂಪ್ಯೂಟರ್ ಹೇಳಿದ ಮೇಲೆ ಮುಗೀತಾ?

ನಮ್ಮಲ್ಲಿ ಬಹುಪಾಲು ಜನ ಈ ಕ್ಯಾಂಪಸ್ಸಿಗೆ ಬಂದದ್ದು ಒಂದು ಪ್ರೋಗ್ರಾಮ್ ಹೇಳಿದ್ದರಿಂದ. ಪಿಯುಸಿ ಅಂಕ, ಸಿಇಟಿ ಅಂಕ, ಎರಡೂ ಸೇರಿ ಒಂದು ರ‍್ಯಾಂಕ್. ಆಮೇಲೆ ಮನೆಯವರೆಲ್ಲ ಸುತ್ತ ಕೂತು ತುಂಬಿಸಿದ ಆಪ್ಷನ್ ಎಂಟ್ರಿ, ಮಾಕ್ ಅಲಾಟ್‌ಮೆಂಟ್, ಕೊನೆಗೊಂದು ದಿನ ಪರದೆಯ ಮೇಲೆ ಕಾಲೇಜಿನ ಹೆಸರು, ಬ್ರಾಂಚಿನ ಹೆಸರು. ಅಲ್ಲಿ ಯಾರೂ ಕೂತು ‘ಈ ಹುಡುಗಿಗೆ ಕಂಪ್ಯೂಟರ್ ಸೈನ್ಸ್ ಕೊಡೋಣ, ಈ ಹುಡುಗನಿಗೆ ಸಿವಿಲ್ ಕೊಡೋಣ’ ಅಂತ ಯೋಚಿಸಲಿಲ್ಲ. ಒಂದು ಪಟ್ಟಿ ಒಳಗೆ ಹೋಯಿತು, ಇನ್ನೊಂದು ಪಟ್ಟಿ ಹೊರಗೆ ಬಂತು.

ಇದರಲ್ಲಿ ಬೇಸರಪಡುವಂಥದ್ದು ಏನೂ ಇಲ್ಲ. ವಶೀಲಿ, ಶಿಫಾರಸು ಪತ್ರ, ‘ನಮ್ಮ ಕಡೆಯವರು ಒಬ್ಬರಿದ್ದಾರೆ’ ಅನ್ನೋ ಮಾತು, ಇದಕ್ಕೆಲ್ಲ ಅವಕಾಶವಿಲ್ಲದ ಪಟ್ಟಿ ಅದು. ಯಂತ್ರ ಮುಖ ನೋಡಿ ಮಣೆ ಹಾಕುವುದಿಲ್ಲ ಎಂಬ ಕಾರಣಕ್ಕೇ ನಾವು ಅದನ್ನು ನಂಬುತ್ತೇವೆ. ಆದರೆ ಅದೇ ಪಟ್ಟಿ ತಪ್ಪಾಗಿ ಬಂದರೆ? ಆಗ ಯಾರ ಹತ್ತಿರ ಹೋಗಬೇಕು? ಏನಂತ ಕೇಳಬೇಕು? ‘ಸಿಸ್ಟಮ್ ಹಾಗೆ ತೋರಿಸ್ತಿದೆ, ನಾವೇನೂ ಮಾಡಕ್ಕಾಗಲ್ಲ’ ಅಂದರೆ ಮಾತು ಅಲ್ಲಿಗೇ ಮುಗೀತಾ?

ಮುಗಿಯಲಿಲ್ಲ ಎಂದು ತೋರಿಸುವ ಕೆಲವು ಪ್ರಕರಣಗಳನ್ನು ಈ ಪಾಠದಲ್ಲಿ ಓದೋಣ. ಮೊದಲನೆಯದು ನಮ್ಮದೇ ಸಿಇಟಿಯದು.

2022ರ ರ‍್ಯಾಂಕ್ ಪಟ್ಟಿ

ಕೋವಿಡ್‌ನಿಂದಾಗಿ 2021ರಲ್ಲಿ ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆಯನ್ನು ರದ್ದು ಮಾಡಿದ್ದು ನೆನಪಿರಬಹುದು. ಆ ವರ್ಷ ಅಂಕ ಕೊಟ್ಟದ್ದೇ ಒಂದು ಸೂತ್ರದ ಮೇಲೆ. ಎಸ್ಸೆಸ್ಸೆಲ್ಸಿ ಅಂಕಕ್ಕೆ ಶೇ 45, ಪ್ರಥಮ ಪಿಯುಸಿಗೆ ಶೇ 45, ದ್ವಿತೀಯ ಪಿಯುಸಿಯ ಆಂತರಿಕ ಸಾಧನೆಗೆ ಶೇ 10. ಫಲಿತಾಂಶ ಬಂದಾಗ 600ಕ್ಕೆ 600 ಪಡೆದವರೇ 2,239 ಜನ ಇದ್ದರು. ಪರೀಕ್ಷೆಯನ್ನೇ ಬರೆಯದ ಅಂಕವನ್ನು ಎಂಜಿನಿಯರಿಂಗ್ ರ‍್ಯಾಂಕಿಗೆ ಸೇರಿಸುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಹಾಗಾಗಿ ಆ ವರ್ಷದ ಮಟ್ಟಿಗೆ ಸಿಇಟಿ ಅಂಕವೊಂದನ್ನೇ ಇಟ್ಟುಕೊಂಡು ರ‍್ಯಾಂಕ್ ಕೊಟ್ಟರು. ಎಲ್ಲರಿಗೂ ಒಂದೇ ಅಳತೆಗೋಲು ಇದ್ದುದರಿಂದ ದೊಡ್ಡ ಗಲಾಟೆ ಆಗಲಿಲ್ಲ.

ಮುಂದಿನ ವರ್ಷ, 2022ರಲ್ಲಿ, ಹಳೆಯ ನಿಯಮ ಮರಳಿತು. ಪಿಯುಸಿಗೆ ಅರ್ಧ, ಸಿಇಟಿಗೆ ಅರ್ಧ. ಆದರೆ 2021ರಲ್ಲಿ ಪಿಯುಸಿ ಮುಗಿಸಿ 2022ರಲ್ಲಿ ಮತ್ತೆ ಸಿಇಟಿ ಬರೆದವರೂ ಇದ್ದರಲ್ಲ, ಸುಮಾರು 24,000 ಜನ? ಅವರ ಪಿಯುಸಿ ಅಂಕವನ್ನು ಪರೀಕ್ಷಾ ಪ್ರಾಧಿಕಾರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರಿಗೆ ಸಿಇಟಿ ಅಂಕ ಮಾತ್ರ. ಫಲಿತಾಂಶ ಬಂದದ್ದು ಜುಲೈ 30ರಂದು. ಈ ಬಗೆಗಿನ ಟಿಪ್ಪಣಿಯ ತಾರೀಖೂ ಜುಲೈ 30.

ಲೆಕ್ಕ ಹಾಕಿ ನೋಡೋಣ, ಆಗ ನೋವು ಎಲ್ಲಿತ್ತು ಅಂತ ಗೊತ್ತಾಗುತ್ತದೆ. ಒಬ್ಬಳು ಪುನರಾವರ್ತಿತ ವಿದ್ಯಾರ್ಥಿನಿ ಎಂದುಕೊಳ್ಳಿ. ಸಿಇಟಿಯಲ್ಲಿ 180ಕ್ಕೆ 108, ಅಂದರೆ ಶೇ 60. ಪಿಯುಸಿಯ ಮೂರು ವಿಷಯಗಳಲ್ಲಿ ಶೇ 98. ಪಕ್ಕದ ಮನೆಯ ಹೊಸ ಬ್ಯಾಚಿನ ಹುಡುಗ ಸಿಇಟಿಯಲ್ಲಿ 90, ಅಂದರೆ ಶೇ 50. ಪಿಯುಸಿಯಲ್ಲಿ ಶೇ 95. ಅವನ ಅಂಕ 50 ಮತ್ತು 95ರ ಸರಾಸರಿ, 72.5. ಅವಳದ್ದು ಸರಾಸರಿ ತೆಗೆದರೆ 79 ಆಗಬೇಕಿತ್ತು. ಆದರೆ ಸಿಇಟಿ ಮಾತ್ರ ಹಿಡಿದರೆ 60. ಇಬ್ಬರೂ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆ ಬರೆದರು, ಅವಳು ಹೆಚ್ಚು ಅಂಕ ತೆಗೆದಳು, ಆದರೂ ಪಟ್ಟಿಯಲ್ಲಿ ಅವನಿಗಿಂತ ಸಾವಿರಾರು ಸ್ಥಾನ ಕೆಳಗೆ ಇಳಿದಳು. ಎರಡು ಬೇರೆ ಬೇರೆ ಅಳತೆಗೋಲಿನಲ್ಲಿ ಅಳೆದ ಸಂಖ್ಯೆಗಳನ್ನು ಒಂದೇ ಕಾಲಮ್ಮಿನಲ್ಲಿಟ್ಟು ಸಾರ್ಟ್ ಮಾಡಿದರೆ ಆಗುವುದೇ ಇದು. ಮೀಟರ್ ಮತ್ತು ಅಡಿಯನ್ನು ಬೆರೆಸಬೇಡಿ ಅಂತ ಮೊದಲ ಸೆಮಿಸ್ಟರಿನಲ್ಲೇ ನಮಗೆ ಹೇಳಿಕೊಡುತ್ತಾರೆ.

ವಿದ್ಯಾರ್ಥಿಗಳು ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿ ಎಸ್.ಆರ್. ಕೃಷ್ಣಕುಮಾರ್ ಅವರ ಏಕಸದಸ್ಯ ಪೀಠ 2022ರ ಸೆಪ್ಟೆಂಬರ್ 3ರಂದು ಪ್ರಾಧಿಕಾರದ ಆ ಟಿಪ್ಪಣಿಯನ್ನು ರದ್ದು ಮಾಡಿ, 50:50 ಲೆಕ್ಕದಲ್ಲೇ ಹೊಸ ರ‍್ಯಾಂಕ್ ಕೊಡಿ ಎಂದಿತು. ಸಿಇಟಿ ಅಂಕ ಮಾತ್ರ ಎಂಬ ಏರ್ಪಾಟು 2021ರ ಮಟ್ಟಿಗೆ ಮಾಡಿಕೊಂಡದ್ದು. ಅದನ್ನು ಮರುವರ್ಷಕ್ಕೆ, ಅದೂ ಒಂದು ಗುಂಪಿಗೆ ಮಾತ್ರ, ಎಳೆದು ತರಲು ಬರುವುದಿಲ್ಲ.

ಆದರೆ ಕತೆಗೆ ಇನ್ನೊಂದು ಮುಖವೂ ಇದೆ. 2022ರ ಬ್ಯಾಚಿನವರು ನಿಜವಾದ ಬೋರ್ಡ್ ಪರೀಕ್ಷೆ ಬರೆದವರು. ‘ಪರೀಕ್ಷೆ ಬರೆಯದ ಅಂಕದ ಎದುರು ನಮ್ಮ ಅಂಕ ಸೋಲಬೇಕಾ?’ ಅನ್ನೋದು ಅವರ ಪ್ರಶ್ನೆ. ಅದೂ ಸುಳ್ಳಲ್ಲ. ಸರ್ಕಾರ ಮೇಲ್ಮನವಿ ಹಾಕಿತು, ಒಂದು ಸಮಿತಿ ಕೂತಿತು. 2021ರ ಬ್ಯಾಚಿನವರ ಪಿಯುಸಿ ಅಂಕದಲ್ಲಿ ಪ್ರತಿ ವಿಷಯಕ್ಕೆ 100ಕ್ಕೆ 6 ಅಂಕ ಕಡಿಮೆ ಮಾಡಿ, ಆಮೇಲೆ 50:50 ಲೆಕ್ಕ ಹಾಕುವುದು ಎಂಬ ಸೂತ್ರ ಬಂತು. ಸೆಪ್ಟೆಂಬರ್ 22ರಂದು ವಿಭಾಗೀಯ ಪೀಠ ಅದನ್ನು ಒಪ್ಪಿಕೊಂಡಿತು. ನಮ್ಮ ಉದಾಹರಣೆಯ ಹುಡುಗಿಗೆ ಹಾಕಿ ನೋಡಿ. 98 ಹೋಗಿ 92 ಆಯಿತು, 60ರ ಜೊತೆ ಸರಾಸರಿ 76. ಕೇಳಿದ 79 ಸಿಗಲಿಲ್ಲ, ಆದರೆ 60ಕ್ಕೂ ನಿಲ್ಲಲಿಲ್ಲ. ಹೊಸ ಪಟ್ಟಿ ಬರುವ ಹೊತ್ತಿಗೆ ಫಲಿತಾಂಶ ಬಂದು ಎರಡು ತಿಂಗಳಾಗಿತ್ತು. ಅಷ್ಟೂ ದಿನ ಇಡೀ ರಾಜ್ಯದ ಎಂಜಿನಿಯರಿಂಗ್ ಕೌನ್ಸೆಲಿಂಗ್ ಕಾಯಿತು.

ಈ ಪ್ರಕರಣದಲ್ಲಿ ಯಾವ ಬಗ್ಗೂ ಇರಲಿಲ್ಲ, ಸರ್ವರ್ ಕೆಡಲಿಲ್ಲ, ಒಂದೇ ಒಂದು ಅಂಕವೂ ತಪ್ಪಾಗಿ ಕೂಡಲಿಲ್ಲ. ಪ್ರೋಗ್ರಾಮ್ ತನಗೆ ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡಿತು. ಕೋರ್ಟ್ ಪರೀಕ್ಷಿಸಿದ್ದು ಕೋಡನ್ನಲ್ಲ, ಕೋಡಿನೊಳಗೆ ಕೂತಿದ್ದ ನಿಯಮವನ್ನು. ಆ ನಿಯಮ ಬರೆಯುವ ಅಧಿಕಾರ ಯಾರಿಗಿತ್ತು, ಯಾವಾಗ ತಿಳಿಸಿದರು, ಎಲ್ಲರಿಗೂ ಸಮವಾಗಿತ್ತಾ? ನಮ್ಮ ಪಾಠದ ತಿರುಳು ಇಷ್ಟೇ. ಯಂತ್ರದ ತೀರ್ಮಾನ ಅನ್ನೋದು ಯಾರೋ ಮನುಷ್ಯರು ಮೊದಲೇ ತೆಗೆದುಕೊಂಡ ತೀರ್ಮಾನ. ಅದನ್ನು ಪ್ರಶ್ನಿಸುವ ಹಕ್ಕು ಕಂಪ್ಯೂಟರ್ ನಡುವೆ ಬಂತೆಂದು ಮಾಯವಾಗುವುದಿಲ್ಲ.

ಅದೇ ಕೋವಿಡ್, ಬೇರೆ ದೇಶ

ಇಂಗ್ಲೆಂಡಿನಲ್ಲಿ ಇಂಥದ್ದೇ ಪ್ರಸಂಗ ಎರಡು ವರ್ಷ ಮೊದಲೇ ನಡೆದಿತ್ತು. 2020ರಲ್ಲಿ ನಮ್ಮ ಪಿಯುಸಿಗೆ ಸಮನಾದ ಎ-ಲೆವೆಲ್ ಪರೀಕ್ಷೆ ರದ್ದಾಯಿತು. ಶಿಕ್ಷಕರು ಅಂದಾಜು ಗ್ರೇಡ್ ಕೊಟ್ಟರು. ಅದು ಹೆಚ್ಚಾಯಿತೆಂದು ಪರೀಕ್ಷಾ ನಿಯಂತ್ರಣ ಸಂಸ್ಥೆ ಒಂದು ಅಲ್ಗಾರಿದಮ್ ಹಾಕಿ ಸರಿಪಡಿಸಲು ಹೊರಟಿತು. ಆ ಶಾಲೆಯಲ್ಲಿ ಹಿಂದಿನ ವರ್ಷಗಳಲ್ಲಿ ಎಂಥ ಫಲಿತಾಂಶ ಬಂದಿತ್ತೋ ಅದೇ ಅಚ್ಚಿನಲ್ಲಿ ಈ ವರ್ಷದವರನ್ನು ಕೂರಿಸುವ ಸೂತ್ರ ಅದು. ಆಗಸ್ಟ್ 13ರಂದು ಫಲಿತಾಂಶ ಬಂದಾಗ ಹೆಚ್ಚುಕಡಿಮೆ ಶೇ 40ರಷ್ಟು ಗ್ರೇಡುಗಳು ಶಿಕ್ಷಕರು ಕೊಟ್ಟದ್ದಕ್ಕಿಂತ ಕೆಳಗೆ ಇಳಿದಿದ್ದವು.

ತುಂಬ ಚಿಕ್ಕ ತರಗತಿಗಳಿಗೆ ಮಾತ್ರ ಸೂತ್ರ ಹಾಕದೆ ಶಿಕ್ಷಕರ ಗ್ರೇಡನ್ನೇ ಉಳಿಸಿದರು. ಅಂಕಿಅಂಶದ ದೃಷ್ಟಿಯಿಂದ ಸರಿ, ಐದು ಜನರ ಮೇಲೆ ಸರಾಸರಿ ನಿಲ್ಲುವುದಿಲ್ಲ. ಆದರೆ ಚಿಕ್ಕ ತರಗತಿ ಇರುವುದು ಎಲ್ಲಿ? ದುಡ್ಡಿರುವವರ ಖಾಸಗಿ ಶಾಲೆಗಳಲ್ಲಿ. ದೊಡ್ಡ ಸರ್ಕಾರಿ ಶಾಲೆಯ ಜಾಣ ಹುಡುಗಿಗೆ ಅವಳ ಶಾಲೆಯ ಹಿಂದಿನ ಬ್ಯಾಚುಗಳ ಅಂಕವೇ ಅಡ್ಡ ಬಂತು. ವಿದ್ಯಾರ್ಥಿಗಳು ಬೀದಿಗಿಳಿದರು, ವಕೀಲರ ನೋಟಿಸುಗಳು ಹೋದವು. ವಿಚಾರಣೆಯವರೆಗೂ ಹೋಗದೆ ನಾಲ್ಕೇ ದಿನಕ್ಕೆ, ಆಗಸ್ಟ್ 17ರಂದು, ಸರ್ಕಾರ ಅಲ್ಗಾರಿದಮ್ಮನ್ನೇ ಕೈಬಿಟ್ಟಿತು.

ಸೂತ್ರ ಬರೆದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಒಟ್ಟು ಪಟ್ಟಿ ಹಿಂದಿನ ವರ್ಷಗಳಂತೆ ಕಾಣಬೇಕು ಎಂಬುದು ಅವರ ಗುರಿ, ಅದು ಈಡೇರಿತು ಕೂಡ. ಆದರೆ ಒಟ್ಟು ಪಟ್ಟಿ ಸರಿಯಿದ್ದರೆ ಒಬ್ಬೊಬ್ಬರಿಗೂ ನ್ಯಾಯ ಸಿಕ್ಕಂತೆ ಅಲ್ಲ. ಕೋರ್ಟಿಗೆ ಹೋಗುವುದು ಸರಾಸರಿ ಅಲ್ಲ, ಒಬ್ಬ ಮನುಷ್ಯ.

ಹೆಸರು ಹೊಂದಿತು, ಅಕ್ಕಿ ನಿಂತಿತು

ಸೀಟು ತಪ್ಪಿದರೆ ಒಂದು ವರ್ಷ ಹೋಗಬಹುದು. ರೇಷನ್ ತಪ್ಪಿದರೆ ಆ ತಿಂಗಳ ಊಟ ಹೋಗುತ್ತದೆ.

ಪಕ್ಕದ ತೆಲಂಗಾಣದಲ್ಲಿ ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆ ಇದೆ. ವಾಹನ ನೋಂದಣಿ, ಆಸ್ತಿ, ವಿದ್ಯುತ್, ಹೀಗೆ ಹಲವು ಇಲಾಖೆಗಳ ದತ್ತಾಂಶವನ್ನು ಹೆಸರು ಮತ್ತು ವಿಳಾಸದ ಹೋಲಿಕೆಯ ಮೇಲೆ ಒಂದಕ್ಕೊಂದು ಹೊಂದಿಸಿ, ಇದು ಅದೇ ಮನುಷ್ಯ ಅಂತ ಹೇಳುತ್ತದೆ. ಡೇಟಾಬೇಸ್ ತರಗತಿಯಲ್ಲಿ ಎರಡು ಟೇಬಲ್ ಜಾಯಿನ್ ಮಾಡಲು ಹೋದವರಿಗೆ ಕಷ್ಟ ಗೊತ್ತು. ಎರಡೂ ಕಡೆ ಒಂದೇ ಕೀ ಇಲ್ಲದಿದ್ದರೆ ಹೆಸರನ್ನೇ ನಂಬಬೇಕು. ನಮ್ಮ ಊರಿನ ಮತದಾರರ ಪಟ್ಟಿಯಲ್ಲಿ ‘ಮಹದೇವಮ್ಮ’ ಎಷ್ಟು ಜನ, ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಎಷ್ಟು ಬಗೆಯಲ್ಲಿ ಬರೆದಿರುತ್ತಾರೆ, ಒಮ್ಮೆ ಯೋಚಿಸಿ. ಹೈದರಾಬಾದಿನಲ್ಲಿ ಸೈಕಲ್ ರಿಕ್ಷಾ ತುಳಿಯುತ್ತಿದ್ದ ಒಬ್ಬರಿಗೆ ಕಾರಿದೆ ಎಂದು ದಾಖಲೆ ತೋರಿಸಿ ಆ ಕುಟುಂಬದ ಕಾರ್ಡ್ ಹೋಯಿತು. ಕಾರು ಇದ್ದದ್ದು ಹೆಚ್ಚುಕಡಿಮೆ ಅದೇ ಹೆಸರಿನ ಇನ್ನೊಬ್ಬರಿಗೆ.

ಆ ರಾಜ್ಯದಲ್ಲಿ 2016ರಿಂದ ರದ್ದಾದ ಕಾರ್ಡುಗಳು ಸುಮಾರು 19 ಲಕ್ಷ. ಮನೆಗೆ ಹೋಗಿ ನೋಡದೆ, ನೋಟಿಸ್ ಕೊಡದೆ ತೆಗೆದುಹಾಕಿದ್ದಾರೆ ಎಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಏಪ್ರಿಲ್‌ನಲ್ಲಿ ಕೋರ್ಟ್, ರದ್ದಾದ ಕಾರ್ಡುಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸಿ ಎಂದು ರಾಜ್ಯಕ್ಕೆ ಹೇಳಿತು. ಕೋರ್ಟ್ ‘ನಿಮ್ಮ ಮಾಡೆಲ್ ಎಷ್ಟು ನಿಖರ?’ ಎಂಬ ಚರ್ಚೆಗೆ ಇಳಿದು ಕೂರಲಿಲ್ಲ. ಬಾಗಿಲು ತಟ್ಟಿ ನೋಡಿ ಅಂತ ಹೇಳಿತು, ಅಷ್ಟೇ.

ನಿಖರತೆಯ ಲೆಕ್ಕವನ್ನು ನಾವೇ ಹಾಕೋಣ. ಒಂದು ವ್ಯವಸ್ಥೆ ನೂರರಲ್ಲಿ 99 ಸಲ ಸರಿ ಹೇಳುತ್ತದೆ ಎಂದುಕೊಳ್ಳಿ. ಪ್ರಾಜೆಕ್ಟ್ ರಿವ್ಯೂನಲ್ಲಿ ಅದಕ್ಕೆ ಚಪ್ಪಾಳೆ. 19 ಲಕ್ಷ ಕಾರ್ಡುಗಳ ಮೇಲೆ ಅದೇ ಶೇ 1 ಅಂದರೆ 19,000 ಮನೆ. ಅಷ್ಟು ಮನೆಗಳಿಗೆ ‘ನಿಮ್ಮದು ಅಪವಾದ, ಬೇಜಾರು ಮಾಡ್ಕೋಬೇಡಿ’ ಅನ್ನಲು ಆಗುತ್ತಾ?

ನಮ್ಮ ರಾಜ್ಯದಲ್ಲೂ 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳನ್ನು ದೊಡ್ಡ ಪ್ರಮಾಣದಲ್ಲಿ ರದ್ದು ಮಾಡಿದಾಗ, ಅರ್ಹರ ಕಾರ್ಡೂ ಹೋಗಿದೆ ಎಂಬ ದೂರು ಜಿಲ್ಲೆ ಜಿಲ್ಲೆಯಿಂದ ಬಂತು. ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡನ್ನು ವಾಪಸ್ ಕೊಡಿ ಎಂದು ಸರ್ಕಾರವೇ ಹೇಳಬೇಕಾಯಿತು. ಅನರ್ಹರನ್ನು ತೆಗೆಯಬಾರದು ಅಂತ ಯಾರೂ ಹೇಳುತ್ತಿಲ್ಲ. ಮೊದಲು ನೋಟಿಸ್, ಆಮೇಲೆ ಪರಿಶೀಲನೆ, ಕೊನೆಗೆ ರದ್ದು, ಇದು ಸರಿಯಾದ ಕ್ರಮ. ಮೊದಲು ರದ್ದು ಮಾಡಿ, ಆಮೇಲೆ ಬಂದು ಕೇಳಲಿ ಅನ್ನೋದು ಅದರ ತಲೆಕೆಳಗು. ಎರಡಕ್ಕೂ ಬೇಕಾದ ಕೋಡ್ ಒಂದೇ, ಸಾಲುಗಳ ಕ್ರಮ ಬೇರೆ.

ಮೈಸೂರಿನ ಬೆರಳಚ್ಚು

ನಮ್ಮ ಊರಿಗೂ ಈ ಇತಿಹಾಸದಲ್ಲಿ ಒಂದು ಜಾಗ ಇದೆ. ಆಧಾರ್ ನೋಂದಣಿ ಕರ್ನಾಟಕದಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳಲ್ಲಿ. ಅಡುಗೆ ಅನಿಲದ ಸಿಲಿಂಡರಿಗೆ ಆಧಾರ್ ಜೋಡಿಸುವ ಪ್ರಯೋಗಕ್ಕೂ ಮೈಸೂರನ್ನೇ ಆರಿಸಿಕೊಂಡರು. ಅಂದರೆ ‘ಯಂತ್ರ ಗುರುತಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ’ ಎಂಬ ಏರ್ಪಾಟನ್ನು ದೇಶದಲ್ಲೇ ಮೊದಮೊದಲು ನೋಡಿದವರಲ್ಲಿ ನಮ್ಮ ಅಜ್ಜ ಅಜ್ಜಿಯರೂ ಸೇರಿದ್ದಾರೆ.

ಆಧಾರನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರೂ ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಓದಿದ್ದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ. ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. 2013ರ ಸೆಪ್ಟೆಂಬರ್‌ನಲ್ಲಿ ಕೋರ್ಟ್, ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾರಿಗೂ ತೊಂದರೆಯಾಗಬಾರದು ಎಂಬ ಮಧ್ಯಂತರ ಆದೇಶ ಕೊಟ್ಟಿತು. 2017ರ ಆಗಸ್ಟ್ 24ರಂದು ಅದೇ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರ ಸೆಪ್ಟೆಂಬರ್ 26ರ ತೀರ್ಪು 4:1ರಲ್ಲಿ ಆಧಾರನ್ನು ಸರ್ಕಾರಿ ಸವಲತ್ತುಗಳಿಗೆ ಉಳಿಸಿ, ಬ್ಯಾಂಕ್ ಖಾತೆ ಮತ್ತು ಸಿಮ್‌ಗೆ ಕಡ್ಡಾಯ ಮಾಡುವುದನ್ನು ತೆಗೆದುಹಾಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಆ ವಿಚಾರಣೆಯಲ್ಲಿ ನಮ್ಮಂಥವರು ಗಮನಿಸಬೇಕಾದ ಒಂದು ಅಂಕಿ ಬಂತು. 2018ರಲ್ಲಿ ಪ್ರಾಧಿಕಾರವೇ ಕೋರ್ಟಿನ ಮುಂದೆ ಇಟ್ಟ ವಿವರದ ಪ್ರಕಾರ ಸರ್ಕಾರಿ ಸೇವೆಗಳಲ್ಲಿ ದೃಢೀಕರಣ ಯಶಸ್ವಿಯಾಗುತ್ತಿದ್ದದ್ದು ಶೇ 88. ಮಾರ್ಕ್ಸ್ ಕಾರ್ಡಿನಲ್ಲಿ 88 ಅಂದರೆ ಡಿಸ್ಟಿಂಕ್ಷನ್. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ 88 ಅಂದರೆ ನೂರು ಪ್ರಯತ್ನಕ್ಕೆ ಹನ್ನೆರಡು ಸಲ ‘ಹೊಂದಲಿಲ್ಲ’. ಹೊಂದಲಿಲ್ಲ ಅಂದ ಮಾತ್ರಕ್ಕೆ ಸವಲತ್ತು ಇಲ್ಲ ಎಂದಲ್ಲ, ಬೇರೆ ದಾರಿಯಲ್ಲಿ ಗುರುತು ನೋಡಿ ಕೊಡಬೇಕು ಎಂದು ಪ್ರಾಧಿಕಾರವೂ ಹೇಳಿತು. ಕಾಗದದ ಮೇಲೆ ಸರಿ. ಆದರೆ ಆ ‘ಬೇರೆ ದಾರಿ’ಯ ಬಟನ್ ಅಂಗಡಿಯವರ ಯಂತ್ರದಲ್ಲಿ ಇದೆಯಾ? ಅದನ್ನು ಒತ್ತಿದರೆ ಮೇಲಿನವರು ತನ್ನನ್ನೇ ಪ್ರಶ್ನೆ ಮಾಡುತ್ತಾರೆ ಅನ್ನೋ ಭಯ ಅವರಿಗಿದ್ದರೆ? ಯಾರ ಬೆರಳು ಹೊಂದುವುದಿಲ್ಲ ಅಂತ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಗದ್ದೆಯಲ್ಲಿ ನಾಟಿ ಹಾಕಿದ, ಪಾತ್ರೆ ತಿಕ್ಕಿದ, ಗಾರೆ ಕಲಸಿದ, ವಯಸ್ಸಾದ ಕೈಗಳು. ದುಡಿದು ಗೆರೆ ಸವೆದವರೇ ಹೆಚ್ಚಾಗಿ ಆ ಸಾಲಿನಲ್ಲಿ ನಿಲ್ಲುವವರು.

ಹೆದ್ದಾರಿಯ ಕ್ಯಾಮೆರಾ

ಈಗ ಸ್ವಲ್ಪ ಒಳ್ಳೆಯ ಉದಾಹರಣೆ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ವೇಗ ಅಳೆದು, ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳಿವೆ. ಕಾರು ಹೋಯಿತು, ಫೋಟೊ ಬಿತ್ತು, ದಂಡದ ನೋಟಿಸ್ ಮೊಬೈಲಿಗೆ ಬಂತು. ಇಲ್ಲಿಯೂ ಯಂತ್ರವೇ ಹಿಡಿಯುವುದು.

ಆದರೆ ಈ ಯಂತ್ರಕ್ಕೆ ಕಾನೂನು ಮೊದಲೇ ಷರತ್ತು ಬರೆದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ಸೇರಿಸಿದ 167ಎ ನಿಯಮ ಓದಿ ನೋಡಿ, ಒಳ್ಳೆಯ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಓದಿದ ಹಾಗಿದೆ. ಉಪಕರಣ ನಿಖರವಾಗಿದೆ ಎಂಬ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ಇಲ್ಲಿ ಕ್ಯಾಮೆರಾ ಇದೆ ಎಂಬ ಫಲಕ ಮೊದಲೇ ಕಾಣಬೇಕು. ನೋಟಿಸಿನ ಜೊತೆ ತಪ್ಪಿನ ಮತ್ತು ನಂಬರ್ ಪ್ಲೇಟಿನ ಫೋಟೊ, ಉಪಕರಣ ಅಳೆದ ಅಳತೆ, ದಿನಾಂಕ, ಸಮಯ, ಜಾಗ, ಯಾವ ಕಲಮು ಎಂಬುದು ಇರಬೇಕು. ತಪ್ಪಾದ 15 ದಿನದೊಳಗೆ ನೋಟಿಸ್ ಹೋಗಬೇಕು. ಪ್ರಕರಣ ಮುಗಿಯುವವರೆಗೆ ಆ ದಾಖಲೆಯನ್ನು ಉಳಿಸಿರಬೇಕು.

15 ದಿನ ಯಾಕೆ? ಮೂರು ತಿಂಗಳಾದ ಮೇಲೆ ‘ಆವತ್ತು ಮಂಡ್ಯದ ಹತ್ತಿರ ನೀನೇ ಓಡಿಸಿದ್ದಾ?’ ಅಂದರೆ ನಮಗೇ ನೆನಪಿರುವುದಿಲ್ಲ. ಫೋಟೊ ಯಾಕೆ? ಯಂತ್ರ ‘ಬಿ’ ಅಕ್ಷರವನ್ನು 8 ಎಂದೋ, ‘ಡಿ’ ಅಕ್ಷರವನ್ನು ಸೊನ್ನೆ ಎಂದೋ ಓದಬಹುದು. ಉದಾಹರಣೆಗೆ, ಆ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. ಹಾಸ್ಟೆಲ್ ಮುಂದೆ ನಿಂತಿರುವ ಕೆಎ 09 ಬೈಕಿನ ನಂಬರಿಗೆ ಅಲ್ಲಿಂದ ಅತಿವೇಗದ ನೋಟಿಸ್ ಬಂದರೆ, ಫೋಟೊ ಇದ್ದರೆ ಎರಡು ನಿಮಿಷದಲ್ಲಿ ಇತ್ಯರ್ಥ. ಫೋಟೊ ಇಲ್ಲದಿದ್ದರೆ ‘ನಾನು ಹೋಗಿಲ್ಲ’ ಅಂತ ಸಾಬೀತು ಮಾಡುವುದು ಹೇಗೆ? ಆಗದೇ ಇದ್ದದ್ದನ್ನು ಸಾಬೀತು ಮಾಡಿ ಅಂದರೆ ಬ್ರಹ್ಮನಿಗೂ ಕಷ್ಟ.

ರೇಷನ್ ಕಾರ್ಡ್ ಪ್ರಕರಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಕಾರಿರುವವರ ದಂಡಕ್ಕೆ ಫೋಟೊ, ಪ್ರಮಾಣಪತ್ರ, ಗಡುವು ಎಲ್ಲ ಇದೆ. ಅಕ್ಕಿ ನಿಂತವರಿಗೂ ಇಷ್ಟೇ ವಿವರವಾಗಿ ಬರೆದ ನಿಯಮ ಯಾಕಿರಬಾರದು?

ಸಾಬೀತು ಮಾಡಬೇಕಾದವರು ಯಾರು?

ಈ ಪ್ರಶ್ನೆಗೆ ಆಸ್ಟ್ರೇಲಿಯ ದುಬಾರಿ ಬೆಲೆ ತೆತ್ತಿತು. ಅಲ್ಲಿ ನಿರುದ್ಯೋಗ ಭತ್ಯೆಯಂಥ ಸಹಾಯವನ್ನು ಎರಡು ವಾರಕ್ಕೊಮ್ಮೆ ಲೆಕ್ಕ ಹಾಕುತ್ತಾರೆ. 2016ರ ಹೊತ್ತಿಗೆ ಸರ್ಕಾರ ಒಂದು ಸ್ವಯಂಚಾಲಿತ ವ್ಯವಸ್ಥೆ ತಂದಿತು. ತೆರಿಗೆ ಇಲಾಖೆಯಲ್ಲಿರುವ ವರ್ಷದ ಆದಾಯವನ್ನು 26 ಭಾಗ ಮಾಡಿ, ‘ಪ್ರತಿ ಹದಿನೈದು ದಿನಕ್ಕೆ ನಿಮಗೆ ಇಷ್ಟು ಆದಾಯ ಇತ್ತು, ಹೆಚ್ಚಾಗಿ ಪಡೆದ ಭತ್ಯೆ ವಾಪಸ್ ಕಟ್ಟಿ’ ಎಂದು ನೋಟಿಸ್ ಕಳಿಸಿತು. ಜನ ಅದಕ್ಕೆ ಇಟ್ಟ ಹೆಸರು ರೋಬೊಡೆಟ್.

ತಪ್ಪು ಎಲ್ಲಿದೆ ಅಂತ ನೀವೇ ಹೇಳಬಲ್ಲಿರಿ. ಒಬ್ಬಳು ದಸರಾ ರಜೆಯಲ್ಲಿ ಎರಡು ತಿಂಗಳು ಅಂಗಡಿಯಲ್ಲಿ ದುಡಿದು 26,000 ಸಂಪಾದಿಸಿ, ಉಳಿದ ಹತ್ತು ತಿಂಗಳು ಕೆಲಸವಿಲ್ಲದೆ ಇದ್ದಳು ಎಂದುಕೊಳ್ಳಿ. ಸರಾಸರಿ ಪ್ರಕಾರ ಅವಳಿಗೆ ವರ್ಷಪೂರ್ತಿ ಎರಡು ವಾರಕ್ಕೆ 1,000 ಬಂದಿದೆ. ಹಾಗಾಗಿ ಕೆಲಸವಿಲ್ಲದ ದಿನಗಳ ಭತ್ಯೆಯೂ ‘ಸಾಲ’! ಸರಾಸರಿ ನಾಲ್ಕು ಅಡಿ ಆಳದ ಹೊಳೆಯಲ್ಲಿ ಮುಳುಗಿದ ಮನುಷ್ಯನ ಕತೆ ಇದು. ಸಾಲ ಇಲ್ಲ ಅನ್ನೋರು ಹಳೆಯ ಸಂಬಳ ಚೀಟಿ ತಂದು ತೋರಿಸಬೇಕಿತ್ತು. 2019ರಲ್ಲಿ ಒಬ್ಬ ಮಹಿಳೆ ಹಾಕಿದ್ದ ಪ್ರಕರಣದಲ್ಲಿ, ಸರಾಸರಿಯ ಮೇಲೆ ಮಾಡಿದ ವಸೂಲಿಗೆ ಕಾನೂನಿನ ಆಧಾರ ಇರಲಿಲ್ಲ ಎಂದು ಸರ್ಕಾರವೇ ಒಪ್ಪಿಕೊಳ್ಳಬೇಕಾಯಿತು. ಹಣ ಹಿಂದಿರುಗಿಸಿದರು. 2023ರ ಜುಲೈನಲ್ಲಿ ರಾಯಲ್ ಕಮಿಷನ್ ವರದಿ ಇಡೀ ಯೋಜನೆಯನ್ನು ಕಟುವಾಗಿ ಟೀಕಿಸಿತು.

ವ್ಯವಸ್ಥೆ ತಂದವರು ಉಳಿಸಿದ್ದು ಪರಿಶೀಲನೆ ಮಾಡುವ ಸಿಬ್ಬಂದಿಯ ಸಮಯ. ಆ ಕೆಲಸ ಎಲ್ಲೂ ಹೋಗಲಿಲ್ಲ, ನೋಟಿಸ್ ಪಡೆದ ಬಡವರ ತಲೆಯ ಮೇಲೆ ಕೂತಿತು.

ನೀತಿ ಮಾಡುವವರಿಗೆ ಪಾಠ

ಇಷ್ಟೂ ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಸಾಮ್ಯ ಕಾಣುತ್ತದೆ. ವಿವಾದ ಅಲ್ಗಾರಿದಮ್ ಜಾಣತನದ್ದೋ ದಡ್ಡತನದ್ದೋ ಎಂಬುದರ ಮೇಲೆ ನಿಂತಿಲ್ಲ. ಅದು ನಿಂತಿರುವುದು ನಾಲ್ಕು ಹಳೆಯ ಪ್ರಶ್ನೆಗಳ ಮೇಲೆ.

ಒಂದು, ನಿಯಮ ಮೊದಲೇ ಗೊತ್ತಿತ್ತಾ? ಆಟ ಮುಗಿದ ಮೇಲೆ ನಿಯಮ ಬದಲಿಸುವಂತಿಲ್ಲ. ಸಿಇಟಿ ಪ್ರಕರಣ ಇದು.

ಎರಡು, ಕಾರಣ ಹೇಳಿದರಾ? 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಕಲಮು, ಆಡಳಿತಾತ್ಮಕ ತೀರ್ಮಾನಗಳ ಕಾರಣವನ್ನು ಬಾಧಿತರಿಗೆ ಕೊಡಬೇಕು ಎನ್ನುತ್ತದೆ. ಕೇಳಿದರೆ ಕೊಡಿ ಎಂದಲ್ಲ, ತಾನಾಗಿಯೇ ಕೊಡಬೇಕು. ‘ಸಿಸ್ಟಮ್ ರಿಜೆಕ್ಟ್ ಮಾಡಿದೆ’ ಅನ್ನೋದು ಕಾರಣ ಅಲ್ಲ. ‘ನಿಮ್ಮ ಹೆಸರಿನಲ್ಲಿ ಇಂಥ ನಂಬರಿನ ಕಾರಿದೆ’ ಅನ್ನೋದು ಕಾರಣ. ಅದು ಸುಳ್ಳಾದರೆ ಆ ಮನುಷ್ಯ ಅಲ್ಲೇ ಹೇಳಬಲ್ಲ.

ಮೂರು, ಮಾತಾಡಲು ಅವಕಾಶ ಕೊಟ್ಟರಾ? 1978ರ ಮನೇಕಾ ಗಾಂಧಿ ಪ್ರಕರಣದಲ್ಲಿ, ಕಾರಣ ಹೇಳದೆ ಪಾಸ್‌ಪೋರ್ಟ್ ಕಿತ್ತುಕೊಂಡಾಗ, ಇನ್ನೊಬ್ಬರ ಮಾತು ಕೇಳದೆ ತೀರ್ಮಾನ ಮಾಡಬಾರದು ಎಂಬ ಸಹಜ ನ್ಯಾಯದ ತತ್ವವನ್ನು ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ತೀರ್ಮಾನ ಮಾಡಿದ್ದು ಗುಮಾಸ್ತರೋ ಸರ್ವರೋ ಎಂಬುದರಿಂದ ಈ ತತ್ವ ಬದಲಾಗಬೇಕಾಗಿಲ್ಲ.

ನಾಲ್ಕು, ಬದಲಿಸುವ ಅಧಿಕಾರ ಇರುವ ಮನುಷ್ಯ ಯಾರು? ಕೌಂಟರಿನಲ್ಲಿ ಕೂತವರಿಗೆ ಪರದೆ ನೋಡುವ ಅಧಿಕಾರ ಮಾತ್ರ ಇದ್ದರೆ ಅಲ್ಲಿ ಮನುಷ್ಯ ಇದ್ದೂ ಇಲ್ಲದ ಹಾಗೆ.

ಯುರೋಪಿನ ದತ್ತಾಂಶ ಕಾನೂನಿನ 22ನೇ ವಿಧಿ, ಬರೀ ಯಂತ್ರದಿಂದ ಆದ ಗಂಭೀರ ತೀರ್ಮಾನಕ್ಕೆ ಒಳಪಡದಿರುವ ಹಕ್ಕನ್ನು ಜನರಿಗೆ ಕೊಡುತ್ತದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಂಥ ನೇರ ಹಕ್ಕು ಇಲ್ಲ. ಒಬ್ಬರನ್ನು ಬಾಧಿಸುವ ತೀರ್ಮಾನಕ್ಕೆ ದತ್ತಾಂಶ ಬಳಸುವುದಾದರೆ ಅದು ಪೂರ್ಣವಾಗಿ, ನಿಖರವಾಗಿ ಇರುವಂತೆ ನೋಡಿಕೊಳ್ಳಬೇಕು ಎಂದು ಅದರ 8ನೇ ಕಲಮು ಹೇಳುತ್ತದೆ. ಹಾಗಾಗಿ ನಮ್ಮಲ್ಲಿ ಜನ ಇನ್ನೂ ಸಂವಿಧಾನದ 14 ಮತ್ತು 21ನೇ ವಿಧಿಗಳನ್ನು ಹಿಡಿದುಕೊಂಡೇ ಕೋರ್ಟಿಗೆ ಹೋಗಬೇಕು. ಅದು ಎಲ್ಲರಿಗೂ ಎಟುಕುವ ದಾರಿಯಲ್ಲ. 24,000 ವಿದ್ಯಾರ್ಥಿಗಳ ಗುಂಪು ವಕೀಲರನ್ನು ಹಿಡಿಯಬಲ್ಲದು. ಹೆಗ್ಗಡದೇವನಕೋಟೆಯ ಹಾಡಿಯಲ್ಲಿ ಕಾರ್ಡ್ ಕಳೆದುಕೊಂಡ ಒಂದು ಮನೆ ಎಲ್ಲಿಗೆ ಹೋಗಬೇಕು? ಕೋರ್ಟಿಗೆ ಹೋಗುವ ಅಗತ್ಯವೇ ಬಾರದ ಹಾಗೆ, ತಾಲ್ಲೂಕು ಮಟ್ಟದಲ್ಲೇ ಪ್ರಶ್ನೆ ಕೇಳಿ ಉತ್ತರ ಪಡೆಯುವ ದಾರಿಯನ್ನು ವ್ಯವಸ್ಥೆಯ ಒಳಗೇ ಕಟ್ಟಬೇಕು.

ನಮ್ಮ ಪಾಲಿನ ಹೋಮ್‌ವರ್ಕ್

ಕಟ್ಟುವವರು ಯಾರು? ನಾಲ್ಕು ವರ್ಷ ಆದ ಮೇಲೆ ನಾವೇ. ಈ ವ್ಯವಸ್ಥೆಗಳನ್ನು ಬರೆಯುವ ಕಂಪನಿಗಳು ಕ್ಯಾಂಪಸ್ಸಿಗೆ ಬಂದು ನಮ್ಮನ್ನೇ ಆರಿಸಿಕೊಂಡು ಹೋಗುತ್ತವೆ.

ಅದಕ್ಕೆ ಮೊದಲು ಇಲ್ಲೇ ಒಂದು ಅಭ್ಯಾಸ ಇದೆ. ಪ್ರತಿ ಬ್ಯಾಚಿನಲ್ಲೂ ಯಾವುದಾದರೂ ಒಂದು ತಂಡ ಮುಖ ಗುರುತಿಸಿ ಹಾಜರಿ ಹಾಕುವ ಪ್ರಾಜೆಕ್ಟ್ ಮಾಡುತ್ತದೆ. ರಿಪೋರ್ಟಿನಲ್ಲಿ ನಿಖರತೆ ಶೇ 96, ಶೇ 97 ಅಂತ ದಪ್ಪ ಅಕ್ಷರದಲ್ಲಿ ಬರೆಯುತ್ತೇವೆ. ಅದನ್ನು ನಿಜವಾಗಿ 60 ಜನರ ತರಗತಿಯಲ್ಲಿ ಹಾಕಿದರೆ ಪ್ರತಿ ಪೀರಿಯಡ್ಡಿಗೆ ಇಬ್ಬರು, ಮೂವರು ಕೂತಿದ್ದೂ ಗೈರು. ದಿನಾ ಬೇರೆ ಬೇರೆಯವರಾದರೆ ಹೇಗೋ ಸರಿ. ಆದರೆ ಬೆಳಕು ಕಮ್ಮಿ ಇರುವ ಹಿಂದಿನ ಬೆಂಚಿನ ಅದೇ ಇಬ್ಬರು, ತಲೆಗೆ ವಸ್ತ್ರ ಹಾಕುವ ಅದೇ ಒಬ್ಬಳು ಆದರೆ? ಸೆಮಿಸ್ಟರ್ ಕೊನೆಗೆ ಶೇ 85 ಮುಟ್ಟದೆ ಎನ್‌ಎಸ್‌ಎಆರ್ ಪಟ್ಟಿಯಲ್ಲಿ ಅವರ ಹೆಸರು. ಪರೀಕ್ಷೆ ಹೋಯಿತು.

ಆದ್ದರಿಂದ ಈ ವರ್ಷ ಪ್ರಾಜೆಕ್ಟ್ ಮಾಡುವವರಲ್ಲಿ ನಮ್ಮ ಒಂದು ವಿನಂತಿ. ಡೇಟಾಬೇಸಿನ ಟೇಬಲ್ಲಿಗೆ ಮೂರು ಕಾಲಮ್ ಹೆಚ್ಚು ಹಾಕಿ. ‘ಗೈರು’ ಎಂದು ಬರೆಯುವ ಮೊದಲು ಯಾವ ಕಾರಣಕ್ಕೆ ಎಂಬುದು ಒಂದು. ವಿದ್ಯಾರ್ಥಿ ‘ನಾನಿದ್ದೆ’ ಅಂತ ಆಕ್ಷೇಪ ಹಾಕಿದ ದಿನಾಂಕ ಇನ್ನೊಂದು. ಅದನ್ನು ನೋಡಿ ತೀರ್ಮಾನಿಸಿದ ಮೇಷ್ಟ್ರ ಹೆಸರು ಮೂರನೆಯದು. ಒಂದು ಸಂಜೆಯ ಕೆಲಸ. ವೈವಾದಲ್ಲಿ ‘ನಿಖರತೆ ಎಷ್ಟು?’ ಅಂತ ಕೇಳಿದಾಗ ಸಂಖ್ಯೆ ಹೇಳಿ. ‘ತಪ್ಪಾದರೆ?’ ಅಂತ ಕೇಳುವವರೆಗೆ ಕಾಯದೆ, ಆ ಮೂರು ಕಾಲಮ್ಮುಗಳನ್ನೂ ತೋರಿಸಿ.